ಒಬಾಮಾ, ಟ್ರಂಪ್, ಬೈಡನ್, ಮತ್ತೆ ಟ್ರಂಪ್: ಈರಿಯ ಮತಲೆಕ್ಕ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ಟಿವಿಯವರ ಬಾಯಲ್ಲಿ ಒಂದು ಸಣ್ಣ ಊರಿನ ಹೆಸರು ಪದೇ ಪದೇ ಬರುತ್ತದೆ. ಈರಿ. ಪೆನ್ಸಿಲ್ವೇನಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಈರಿ ಸರೋವರದ ದಡದಲ್ಲಿರುವ ಊರು ಇದು. 2020ರ ಜನಗಣತಿಯ ಪ್ರಕಾರ ಇಲ್ಲಿರುವವರು 94,831 ಜನ. ಸರೋವರದ ಮೇಲಿಂದ ಬೀಸುವ ಗಾಳಿಗೆ ಹಿಮ ಎಷ್ಟು ಸುರಿಯುತ್ತದೆಂದರೆ, 2017ರ ಕ್ರಿಸ್‌ಮಸ್ ಹಬ್ಬದ ಒಂದೇ ದಿನ 34 ಇಂಚು ಬಿದ್ದಿತ್ತು.

ಹಿಮಕ್ಕಿಂತ ಜಾಸ್ತಿ ಸುದ್ದಿಯಾಗುವುದು ಇಲ್ಲಿನ ಮತ. 2008 ಮತ್ತು 2012ರಲ್ಲಿ ಇಲ್ಲಿ ಒಬಾಮಾ ಗೆದ್ದರು. 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್. ಐದು ಸಲವೂ ಇಲ್ಲಿ ಗೆದ್ದವರೇ ಅಧ್ಯಕ್ಷರಾದರು. ಹಾಗಾಗಿ "ಈರಿ ಗೆದ್ದವರು ದೇಶ ಗೆಲ್ಲುತ್ತಾರೆ", "ಈರಿ ಮನಸ್ಸು ಬದಲಾಯಿಸುವ ಊರು" ಎಂಬ ಮಾತುಗಳು ಹುಟ್ಟಿಕೊಂಡಿವೆ.

ಮೊದಲ ಮಾತು ಸುಲಭವಾಗಿ ಬಿದ್ದುಹೋಗುತ್ತದೆ. 2000ದಲ್ಲಿ ಇಲ್ಲಿನವರು ಆಲ್ ಗೋರ್ ಅವರಿಗೆ ಜಾಸ್ತಿ ಮತ ಕೊಟ್ಟರು, 2004ರಲ್ಲಿ ಜಾನ್ ಕೆರಿಗೆ. ಇಬ್ಬರೂ ಅಧ್ಯಕ್ಷರಾಗಲಿಲ್ಲ. ಎರಡನೆಯ ಮಾತು ಹಾಗಲ್ಲ. ಕೇಳಲು ಸರಿ ಅನಿಸುತ್ತದೆ. ನನಗೆ ಮಾತ್ರ ಅದು ದೊಡ್ಡ ತಪ್ಪು ತಿಳಿವಳಿಕೆ ಅನಿಸಿದೆ. ಯಾಕೆಂದು ಲೆಕ್ಕ ಇಟ್ಟುಕೊಂಡೇ ನೋಡೋಣ.

ಸುದ್ದಿಯಲ್ಲಿ "ಈರಿ" ಎಂದರೆ ಬಹುತೇಕ ಈರಿ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಈರಿ ನಗರ ಅದರ ಒಂದು ಭಾಗ ಅಷ್ಟೆ. ಇಡೀ ಕೌಂಟಿಯ ಜನಸಂಖ್ಯೆ 2020ರಲ್ಲಿ 2,70,876. ನಗರದ ಪಾಲು ಅದರಲ್ಲಿ ಶೇ. 35. ಮತ ಎಣಿಕೆಯ ಪಟ್ಟಿ ಬರುವುದು ಕೌಂಟಿ ಲೆಕ್ಕದಲ್ಲಿ. ಟಿವಿಯ ನಕ್ಷೆಯಲ್ಲಿ ಕೆಂಪೋ ನೀಲಿಯೋ ಬಣ್ಣ ತುಂಬುವುದೂ ಹಾಗೆಯೇ. ಅಲ್ಲಿ ಕೆಂಪು ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ್ದು, ನೀಲಿ ಒಬಾಮಾ, ಬೈಡನ್ ಅವರ ಡೆಮಾಕ್ರಟಿಕ್ ಪಕ್ಷದ್ದು.

ಈರಿ ನಗರ ಯಾವ ಸಲವೂ ಟ್ರಂಪ್ ಕಡೆ ವಾಲಿಲ್ಲ. ಅದು ಗಟ್ಟಿ ಡೆಮಾಕ್ರಟಿಕ್ ಊರು. 1966ರಲ್ಲಿ ಲೂಯಿ ಟುಲಿಯೊ ಮೇಯರ್ ಆದಾಗಿನಿಂದ ಇಲ್ಲಿಯವರೆಗೆ ಒಬ್ಬ ರಿಪಬ್ಲಿಕನ್ನರೂ ಆ ಕುರ್ಚಿಯಲ್ಲಿ ಕೂತಿಲ್ಲ. ನಗರದಿಂದ ದಕ್ಷಿಣಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ದೃಶ್ಯ ಪೂರ್ತಿ ಬೇರೆ. ಹೈನುಗಾರಿಕೆ, ಹೊಲ, ಕಾಡು, ಕಾರಿ ಮತ್ತು ಯೂನಿಯನ್ ಸಿಟಿಯಂಥ ಪುಟ್ಟ ಊರುಗಳು. ಪೂರ್ವದ ತುದಿಯಲ್ಲಿ ನಾರ್ತ್ ಈಸ್ಟ್ ಎಂಬ ಊರಿನ ಸುತ್ತ ದ್ರಾಕ್ಷಿ ತೋಟಗಳು. ಈ ಹಳ್ಳಿಗಾಡು ಒಬಾಮಾ ಕಾಲದಲ್ಲೂ ಹೆಚ್ಚಾಗಿ ರಿಪಬ್ಲಿಕನ್ ಕಡೆಗೇ ಇತ್ತು. ಈಗಂತೂ ಇನ್ನೂ ಗಟ್ಟಿ. ನಗರಕ್ಕೂ ಹಳ್ಳಿಗೂ ನಡುವೆ ಮಿಲ್‌ಕ್ರೀಕ್ ಎಂಬ ಟೌನ್‌ಶಿಪ್ ಇದೆ. ಸುಮಾರು 54,000 ಜನ. ಅಂಗಡಿಸಾಲು, ಮಾಲ್, ಹುಲ್ಲುಹಾಸಿನ ಮುಂದೆ ಕಾರು ನಿಲ್ಲಿಸಿದ ಮನೆಗಳು. ಇಲ್ಲಿ ಎರಡು ಪಕ್ಷಗಳೂ ಸರಿಸುಮಾರು ಸಮಸಮ.

ಅಂದರೆ ಒಂದು ಹೆಸರಿನ ಕೆಳಗೆ ಮೂರು ಲೋಕಗಳಿವೆ. ನಗರ ಒಂದು ಕಡೆ ಎಳೆಯುತ್ತದೆ, ಹಳ್ಳಿ ಇನ್ನೊಂದು ಕಡೆ ಎಳೆಯುತ್ತದೆ, ನಡುವಿನದು ತೂಗುತ್ತಿರುತ್ತದೆ. ಈ ಎಳೆತಗಳು ಸಮವಾಗಿರುವುದರಿಂದಲೇ ಫಲಿತಾಂಶ ಆಚೀಚೆ ಹೊರಳುತ್ತದೆ. ಹಾಗೆ ಹೊರಳಲು ಊರಿಗೆ ಊರೇ ಬದಲಾಗಬೇಕಿಲ್ಲ.

ಈಗ ಸಂಖ್ಯೆಗಳಿಗೆ ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ, ವಿಷಯದ ತಿರುಳು ಇಲ್ಲೇ ಇದೆ.

2012ರಲ್ಲಿ ಕೌಂಟಿಯಲ್ಲಿ ಒಬಾಮಾಗೆ 68,036 ಮತ, ಮಿಟ್ ರಾಮ್ನಿಗೆ 49,025. ಅಂತರ 19,011. ದೊಡ್ಡ ಗೆಲುವು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 58,112, ಟ್ರಂಪ್‌ಗೆ 60,069. ಅಂತರ 1,957. 1984ರಲ್ಲಿ ರೇಗನ್ ಗೆದ್ದ ಮೇಲೆ ಒಬ್ಬ ರಿಪಬ್ಲಿಕನ್ ಅಭ್ಯರ್ಥಿ ಇಲ್ಲಿ ಗೆದ್ದದ್ದು ಅದೇ ಮೊದಲು. 2020ರಲ್ಲಿ ಬೈಡನ್‌ಗೆ 68,286, ಟ್ರಂಪ್‌ಗೆ 66,869. ಅಂತರ 1,417.

2012 ಮತ್ತು 2020ರ ಡೆಮಾಕ್ರಟಿಕ್ ಮತಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 68,036 ಮತ್ತು 68,286. ಹೆಚ್ಚುಕಡಿಮೆ ಒಂದೇ. ಒಬಾಮಾ 19,000 ಮತಗಳಿಂದ ಗೆದ್ದ ಜಾಗದಲ್ಲಿ ಬೈಡನ್ ಅಷ್ಟೇ ಮತ ಪಡೆದು 1,400ರಲ್ಲಿ ಕಷ್ಟಪಟ್ಟು ಗೆದ್ದರು. ಬದಲಾದದ್ದು ಎದುರು ಪಾಳಯ. ರಿಪಬ್ಲಿಕನ್ ಮತ 49,025 ಇದ್ದದ್ದು ಎಂಟೇ ವರ್ಷದಲ್ಲಿ 66,869 ಆಯಿತು. ಸುಮಾರು 18,000 ಹೆಚ್ಚಳ. ಅದೂ ಜನಸಂಖ್ಯೆ ಕುಗ್ಗುತ್ತಿರುವ ಕೌಂಟಿಯಲ್ಲಿ!

2016ರಲ್ಲಿ ನಿಜವಾಗಿ ಏನಾಯಿತು? ಡೆಮಾಕ್ರಟಿಕ್ ಮತ 9,924 ಇಳಿಯಿತು, ರಿಪಬ್ಲಿಕನ್ ಮತ 11,044 ಏರಿತು. ಇವೆರಡೂ ಹತ್ತಿರ ಹತ್ತಿರ ಇವೆ. ಹಾಗಾಗಿ "ಹತ್ತು ಸಾವಿರ ಜನ ಒಬಾಮಾನ ಬಿಟ್ಟು ಟ್ರಂಪ್ ಕಡೆ ಹೋದರು" ಅನ್ನಿಸುವುದು ಸಹಜ. ಕೆಲವರು ಖಂಡಿತ ಹೋದರು. ಆದರೆ ಈ ಸಂಖ್ಯೆ ಇನ್ನೂ ಬೇರೆ ರೀತಿಯಲ್ಲೂ ಬರಬಹುದು. ಒಬಾಮಾಗೆ ಹಾಕಿದವರು ಆ ಸಲ ಮನೆಯಲ್ಲೇ ಉಳಿದಿರಬಹುದು. ಸಣ್ಣ ಪಕ್ಷದ ಅಭ್ಯರ್ಥಿಗೆ ಒತ್ತಿರಬಹುದು. ಟ್ರಂಪ್‌ಗೆ ಹಾಕಿದವರಲ್ಲಿ ಅದುವರೆಗೆ ಮತಗಟ್ಟೆಯ ಮುಖವನ್ನೇ ನೋಡದವರೂ ಇರಬಹುದು. 2020ರಲ್ಲಿ ಎರಡೂ ಕಡೆಯ ಮತಗಳು ಒಟ್ಟಿಗೆ ಏರಿದವು. ಬೈಡನ್ ಕಡೆ 10,174 ಹೆಚ್ಚಾಯಿತು, ಟ್ರಂಪ್ ಕಡೆ 6,800. ಜನ ಸುಮ್ನೆ ಪಕ್ಷ ಬದಲಾಯಿಸುತ್ತಿದ್ದರೆ ಒಂದು ಏರಿದಾಗ ಇನ್ನೊಂದು ಇಳಿಯಬೇಕಿತ್ತು, ಅಲ್ವಾ? ಇಳಿಯಲಿಲ್ಲ. ಟ್ರಂಪ್ 2020ರಲ್ಲಿ ಈರಿಯನ್ನು ಸೋತದ್ದು ಮತ ಕಳೆದುಕೊಂಡಲ್ಲ, ಮತ ಗಳಿಸಿಕೊಂಡೇ.

ಅದಕ್ಕೇ ನಾನು ಹೇಳುವುದು, ಈರಿ ತೀರ್ಮಾನವಾಗುವುದು ಯಾರು ಮನಸ್ಸು ಬದಲಾಯಿಸಿದರು ಎಂಬುದರಿಂದ ಮಾತ್ರ ಅಲ್ಲ. ಯಾರು ಮನೆಯಿಂದ ಹೊರಗೆ ಬಂದರು ಎಂಬುದು ಅಷ್ಟೇ ದೊಡ್ಡದು.

ಅಂತರ ಎಷ್ಟು ಸಣ್ಣದು ಎಂದು ಮನಸ್ಸಿಗೆ ನಾಟಬೇಕಾದರೆ ಇನ್ನೊಂದು ಲೆಕ್ಕ ಮಾಡಬಹುದು. ಒಬ್ಬ ಮತದಾರ ಆ ಕಡೆಯಿಂದ ಈ ಕಡೆಗೆ ಬಂದರೆ ಅಂತರದಲ್ಲಿ ಎರಡು ಮತದ ವ್ಯತ್ಯಾಸವಾಗುತ್ತದೆ. ಅಲ್ಲೊಂದು ಕಳೆಯಿತು, ಇಲ್ಲೊಂದು ಕೂಡಿತು. 2016ರ 1,957ರ ಅಂತರ ತಿರುವುಮುರುವಾಗಲು 979 ಜನ ಸಾಕಿತ್ತು. ಕೌಂಟಿಯಲ್ಲಿ ಸುಮಾರು 150 ಮತಗಟ್ಟೆಗಳಿವೆ. ಒಂದು ಮತಗಟ್ಟೆಗೆ ಆರೇಳು ಜನ. ಒಂದು ಬೀದಿಯ ಎರಡು ಮನೆ. 2024ರಲ್ಲೂ ಟ್ರಂಪ್ ಇಲ್ಲಿ ಕಮಲಾ ಹ್ಯಾರಿಸ್ ಅವರಿಗಿಂತ ಮುಂದಿದ್ದದ್ದು ಸುಮಾರು ಶೇ. 1ರಷ್ಟು ಮಾತ್ರ.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಬರಬೇಕು. ಕೌಂಟಿ ಗೆದ್ದರೆ ಏನು ಸಿಗುತ್ತದೆ? ನೇರವಾಗಿ ಏನೂ ಸಿಗುವುದಿಲ್ಲ. ನಮ್ಮ ವಿಧಾನಸಭಾ ಕ್ಷೇತ್ರದ ಹಾಗೆ ಕೌಂಟಿಗೊಂದು ಸೀಟಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಇಡೀ ಪೆನ್ಸಿಲ್ವೇನಿಯಾ ಒಂದೇ ಕ್ಷೇತ್ರ. ರಾಜ್ಯದ ಎಲ್ಲ ಮತ ಕೂಡಿಸಿ ಯಾರು ಮುಂದಿದ್ದಾರೋ ಅವರಿಗೆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತಗಳು, ಅಂದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವ ಮತಗಳು, ಹೋಗುತ್ತವೆ. 2016 ಮತ್ತು 2020ರಲ್ಲಿ ಅವು 20 ಇದ್ದವು, 2024ಕ್ಕೆ 19 ಆದವು. ಆದ್ದರಿಂದ ಈರಿಯನ್ನು ಯಾರು ಗೆದ್ದರು ಎಂಬುದಕ್ಕಿಂತ ಎಷ್ಟು ಮತಗಳಿಂದ ಎಂಬುದು ಮುಖ್ಯ.

ಇದನ್ನು 2016ರಲ್ಲಿ ಸ್ಪಷ್ಟವಾಗಿ ನೋಡಬಹುದು. ಟ್ರಂಪ್ ಆಗ ಇಡೀ ಪೆನ್ಸಿಲ್ವೇನಿಯಾವನ್ನು ಗೆದ್ದದ್ದು 44,292 ಮತಗಳಿಂದ. ಈರಿಯಲ್ಲಿ ಡೆಮಾಕ್ರಟರ ಕೈಲಿದ್ದ 19,011ರ ಮುನ್ನಡೆ ಹೋಗಿ 1,957ರ ಹಿನ್ನಡೆ ಆಯಿತು. ಒಟ್ಟು 20,968 ಮತಗಳ ಜಾರು. ರಾಜ್ಯದ ಅಂತರದ ಹತ್ತಿರ ಹತ್ತಿರ ಅರ್ಧ, ಒಂದೇ ಕೌಂಟಿಯಿಂದ. ಪೆನ್ಸಿಲ್ವೇನಿಯಾದಲ್ಲಿ ಇರುವುದು 67 ಕೌಂಟಿ. ಆ ವರ್ಷ ಕ್ಲಿಂಟನ್ ಈರಿಯನ್ನು ಕೂದಲೆಳೆಯಲ್ಲಿ ಗೆದ್ದಿದ್ದರೂ ರಾಜ್ಯದ ಫಲಿತಾಂಶ ಬದಲಾಗುತ್ತಿರಲಿಲ್ಲ. ನಕ್ಷೆಯ ಬಣ್ಣವಷ್ಟೇ ಬದಲಾಗುತ್ತಿತ್ತು. ಅಭ್ಯರ್ಥಿಗಳು ಇಲ್ಲಿಗೆ ಮತ್ತೆ ಮತ್ತೆ ಓಡಿಬರುವುದು ಬಣ್ಣಕ್ಕಲ್ಲ, ರಾಜ್ಯದ ಲೆಕ್ಕಕ್ಕೆ ಸೇರುವ ಈ ಮತಗಳಿಗೆ. 2024ರ ಸೆಪ್ಟೆಂಬರ್ ಕೊನೆಗೆ ಟ್ರಂಪ್ ಬಂದರು, ಅಕ್ಟೋಬರ್ ಮಧ್ಯದಲ್ಲಿ ಹ್ಯಾರಿಸ್ ಬಂದರು.

ಒಬಾಮಾಗೆ ಎರಡು ಸಲ ಒಲಿದು 2016ರಲ್ಲಿ ಟ್ರಂಪ್ ಕಡೆ ಹೋದ ಕೌಂಟಿಗಳು ಅಮೆರಿಕದಲ್ಲಿ 206 ಇವೆ. ಅವುಗಳಲ್ಲಿ 2020ರಲ್ಲಿ ಬೈಡನ್ ಕಡೆಗೆ ಮರಳಿದ್ದು 25 ಮಾತ್ರ. ಈರಿ ಆ 25ರಲ್ಲಿ ಒಂದು. ಉಳಿದ ಬಹುತೇಕ ಕಡೆ ವಾಲಿದ್ದು ವಾಲಿದ್ದೇ. ಅಂಥ ಕೌಂಟಿಗಳಲ್ಲಿ ಈರಿಯಷ್ಟು ದೊಡ್ಡ ಡೆಮಾಕ್ರಟಿಕ್ ನಗರ ಸಾಮಾನ್ಯವಾಗಿ ಇರುವುದಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದುಕೊಳ್ಳಲು ಯಾರೂ ಇಲ್ಲ.

ಇಷ್ಟು ಜನ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟದ್ದೇಕೆ? ಇದಕ್ಕೆ ಮೊದಲು ಅವರು ಆ ಪಕ್ಷದಲ್ಲಿ ಯಾಕಿದ್ದರು ಎಂದು ಕೇಳಬೇಕು.

ಉತ್ತರ ಕಾರ್ಖಾನೆಯಲ್ಲಿದೆ. ಪೋಲೆಂಡಿನಿಂದ, ಇಟಲಿಯಿಂದ, ಜರ್ಮನಿಯಿಂದ ಬಂದ ಕುಟುಂಬಗಳು ಈರಿಯಲ್ಲಿ ನೆಲೆಸಿದ್ದು ಕೆಲಸ ಹುಡುಕಿಕೊಂಡು. ನಗರದ ಪಕ್ಕದ ಲಾರೆನ್ಸ್ ಪಾರ್ಕ್‌ನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ 1910ರ ಹೊತ್ತಿಗೆ ದೊಡ್ಡ ಕಾರ್ಖಾನೆ ಹಾಕಿತು. ರೈಲು ಎಂಜಿನ್ ಅಲ್ಲಿ ತಯಾರಾಗುತ್ತಿತ್ತು. ಕೆಲಸಗಾರರಿಗಾಗಿ ಆ ಊರನ್ನೇ ಕಂಪನಿ ಕಟ್ಟಿತು. ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಆ ಗೇಟಿನ ಒಳಗೆ ದುಡಿಯುತ್ತಿದ್ದರು. ಸರೋವರದ ದಡದಲ್ಲಿ ಹ್ಯಾಮರ್‌ಮಿಲ್ ಕಾಗದ ಕಾರ್ಖಾನೆ ಇತ್ತು. ಅಪ್ಪ ಯೂನಿಯನ್ ಸದಸ್ಯ, ಮಗನೂ ಅದೇ ಯೂನಿಯನ್. ಒಳ್ಳೆಯ ಸಂಬಳ, ಪಿಂಚಣಿ, ಸ್ವಂತ ಮನೆ. ಇದೆಲ್ಲ ಯೂನಿಯನ್‌ನಿಂದ ಬಂತು, ಯೂನಿಯನ್ ಡೆಮಾಕ್ರಟರ ಜೊತೆಗಿದೆ ಎಂಬ ನಂಬಿಕೆ ಮನೆಮನೆಯಲ್ಲಿತ್ತು. ಚರ್ಚು, ಯೂನಿಯನ್ ಹಾಲ್, ಓಣಿಯ ಕ್ಲಬ್ಬು, ಎಲ್ಲ ಕಡೆಯೂ ಅದೇ ಮಾತು. ಪಕ್ಷ ಯಾವುದೆಂದು ಯಾರೂ ಕೂತು ಯೋಚಿಸಬೇಕಿರಲಿಲ್ಲ.

1960ರಲ್ಲಿ ನಗರದಲ್ಲಿ 1,38,440 ಜನ ಇದ್ದರು. ಈಗ 95,000ಕ್ಕೂ ಕಡಿಮೆ. ಈ ಎರಡು ಸಂಖ್ಯೆಗಳ ನಡುವೆ ಎಷ್ಟೋ ಕುಟುಂಬಗಳ ನೋವು ಅಡಗಿದೆ. ಹ್ಯಾಮರ್‌ಮಿಲ್ 2002ರಲ್ಲಿ ಮುಚ್ಚಿತು. ಜನರಲ್ ಎಲೆಕ್ಟ್ರಿಕ್ 2011ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಯೂನಿಯನ್ ಇಲ್ಲದ ಹೊಸ ಎಂಜಿನ್ ಕಾರ್ಖಾನೆ ಹಾಕುವುದಾಗಿ ಹೇಳಿತು. 2015ರ ನವೆಂಬರ್‌ನಲ್ಲಿ ಈರಿಯಲ್ಲಿ ಸುಮಾರು 1,500 ಕೆಲಸ ಕಡಿತ ಎಂದು ಘೋಷಿಸಿತು. ಒಂದು ವರ್ಷದ ನಂತರ ಚುನಾವಣೆ. ಟ್ರಂಪ್ ಬಂದು ವ್ಯಾಪಾರ ಒಪ್ಪಂದಗಳೇ ನಿಮ್ಮ ಕೆಲಸ ಕಿತ್ತುಕೊಂಡವು ಎಂದಾಗ ಕೇಳುವ ಕಿವಿಗಳು ಸಿದ್ಧವಾಗಿದ್ದವು.

ಮುಂದಿನ ಕತೆಯಲ್ಲಿ ನಮಗೂ ಒಂದು ಎಳೆ ತಾಗುತ್ತದೆ. 2019ರ ಫೆಬ್ರವರಿಯಲ್ಲಿ ಈ ಕಾರ್ಖಾನೆ ವ್ಯಾಬ್ಟೆಕ್ ಕಂಪನಿಯ ಕೈಗೆ ಬಂತು. ಬಂದ ಕೂಡಲೇ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದರು. 2023ರಲ್ಲಿ ಮತ್ತೆ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಸುಮಾರು 1,400 ಜನ ಕೆಲಸ ನಿಲ್ಲಿಸಿದರು. ಇದೇ ಕಂಪನಿ ಬಿಹಾರದ ಮಢೌರಾದಲ್ಲಿ ಭಾರತೀಯ ರೈಲ್ವೆಗಾಗಿ ಡೀಸೆಲ್ ಎಂಜಿನ್ ಕಟ್ಟುತ್ತದೆ. ಬೆಂಗಳೂರಿನಲ್ಲೂ ಅದರ ಎಂಜಿನಿಯರಿಂಗ್ ಕೇಂದ್ರವಿದೆ. ನಮ್ಮಲ್ಲಿ ಒಬ್ಬರ ಮನೆಗೆ ಅನ್ನ ತಂದ ಕೆಲಸವನ್ನು ಅಲ್ಲಿಯವರು ತಮ್ಮ ಕೈತಪ್ಪಿದ್ದು ಎಂದು ನೋಡಬಹುದು. ಎರಡೂ ಮನೆಗಳು ಕಷ್ಟಪಟ್ಟು ದುಡಿಯುವವರ ಮನೆಗಳೇ. ಈರಿಯ ಸಿಟ್ಟನ್ನು ನಾವು ಓದುವಾಗ ಇದು ನೆನಪಿರಲಿ ಎಂದು ನನ್ನ ಆಸೆ.

ಹಾಗೆಂದು ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಹೋಗಿ ಹೆಚ್ಚು ಪೆಟ್ಟು ತಿಂದದ್ದು ನಗರದೊಳಗಿನ ಬಡ ಓಣಿಗಳು. ಅಲ್ಲಿ ಕಪ್ಪು ವರ್ಣೀಯರು ಮತ್ತು ಹೊಸದಾಗಿ ಬಂದವರು ಜಾಸ್ತಿ ಇದ್ದಾರೆ. ಆ ಓಣಿಗಳು ಡೆಮಾಕ್ರಟರ ಕಡೆಗೇ ಉಳಿದವು. ಬಡತನ ಒಂದೇ ಕಾರಣವಾಗಿದ್ದರೆ ಅವೂ ವಾಲಬೇಕಿತ್ತು. ದೇಶದ ಉದ್ದಕ್ಕೂ ಈ ವರ್ಷಗಳಲ್ಲಿ ಇನ್ನೊಂದು ಗೆರೆ ದಪ್ಪವಾಗುತ್ತ ಬಂದಿದೆ. ಅದು ಓದಿನ ಗೆರೆ. ಕಾಲೇಜು ಪದವಿ ಇಲ್ಲದ ಬಿಳಿಯರು ರಿಪಬ್ಲಿಕನ್ ಕಡೆ, ಪದವಿ ಇರುವವರು ಡೆಮಾಕ್ರಟಿಕ್ ಕಡೆ ಸರಿಯುತ್ತಿದ್ದಾರೆ. ಈರಿ ಕೌಂಟಿಯಲ್ಲಿ ಮೊದಲ ಗುಂಪು ದೊಡ್ಡದು. ಧರ್ಮ, ಬಂದೂಕು, ಗರ್ಭಪಾತ, ವಲಸೆಯಂಥ ವಿಷಯಗಳಲ್ಲಿ ಅವರಲ್ಲಿ ಹಲವರ ಮಾತು ತಮ್ಮ ಹಳೆಯ ಪಕ್ಷದ ಮಾತಿಗೆ ಹೊಂದದೆ ಬಹಳ ಕಾಲವಾಗಿತ್ತು. ಯೂನಿಯನ್‌ನ ಹಗ್ಗ ಅವರನ್ನು ಹಿಡಿದಿತ್ತು. ಕಾರ್ಖಾನೆ ಸೊರಗಿದಂತೆ ಆ ಹಗ್ಗ ಸವೆಯಿತು.

ಜನ ಬದಲಾದರೂ ನೋಂದಣಿ ಪುಸ್ತಕ ಅಷ್ಟು ಬೇಗ ಬದಲಾಗುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ಪಕ್ಷ ಬರೆಸಬಹುದು. ಎಂಬತ್ತರ ದಶಕದಲ್ಲಿ ಡೆಮಾಕ್ರಟ್ ಎಂದು ಬರೆಸಿದವರು ಮುಂದೆ ಹತ್ತು ವರ್ಷ ರಿಪಬ್ಲಿಕನ್‌ಗೆ ಮತ ಹಾಕಿದರೂ ಹೆಸರಿನ ಮುಂದಿನ ಪಕ್ಷವನ್ನು ತಿದ್ದಿಸದೆ ಇರುತ್ತಾರೆ. ಈರಿ ಕೌಂಟಿಯಲ್ಲಿ ನೋಂದಾಯಿತ ಡೆಮಾಕ್ರಟರೇ ಹೆಚ್ಚು ಎಂದು ಕೇಳಿ, ಹಾಗಾದರೆ ಅವರು ಹೇಗೆ ಸೋತರು ಎಂದು ಗೊಂದಲವಾಗುವುದು ಇದರಿಂದಲೇ. ಆ ಪಟ್ಟಿ ನಿನ್ನೆಯ ನಿಷ್ಠೆಯದು. ಅದರಲ್ಲೂ ಎರಡು ಪಕ್ಷಗಳ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ನೋಂದಣಿಗೆ ನಿಜವಾದ ಬೆಲೆ ಇರುವುದು ಪ್ರೈಮರಿಯಲ್ಲಿ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ ಅದು. ಪೆನ್ಸಿಲ್ವೇನಿಯಾದಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿಕೊಂಡವರು ಮಾತ್ರ ಮತ ಹಾಕಬಹುದು. ಯಾವ ಪಕ್ಷವೂ ಬೇಡ ಎಂದವರು ಹೊರಗೆ. ಈರಿ ನಗರದ ಮೇಯರ್ ಯಾರು ಎಂಬುದು ಹೆಚ್ಚಾಗಿ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ತೀರ್ಮಾನವಾಗುವುದರಿಂದ, ಊರಿನ ಒಂದು ದೊಡ್ಡ ಗುಂಪಿಗೆ ಆ ಆಯ್ಕೆಯಲ್ಲಿ ಮಾತೇ ಇಲ್ಲ. 2025ರ ಮೇ ತಿಂಗಳಲ್ಲಿ ಎರಡು ಅವಧಿಯ ಮೇಯರ್ ಜೋ ಶೆಂಬರ್ ಅವರನ್ನು ಡೇರಿಯಾ ಡೆವ್ಲಿನ್ ಪ್ರೈಮರಿಯಲ್ಲಿ ಸೋಲಿಸಿದಾಗಲೇ ಊರಿನ ಮುಂದಿನ ಮೇಯರ್ ಯಾರೆಂದು ಬಹುತೇಕ ಗೊತ್ತಾಗಿತ್ತು. ನವೆಂಬರ್‌ನಲ್ಲಿ ಹಾಗೆಯೇ ಆಯಿತು.

ನಗರದ ಬಲ ಅದರ ಜನಸಂಖ್ಯೆಯಷ್ಟು ಮತಪೆಟ್ಟಿಗೆಯಲ್ಲಿ ಕಾಣದಿರಲು ಇನ್ನೊಂದು ಕಾರಣವಿದೆ. ಇಲ್ಲಿ ಬಾಡಿಗೆ ಮನೆಯವರು, ವಿದ್ಯಾರ್ಥಿಗಳು, ಬಡವರು ಜಾಸ್ತಿ. ಮನೆ ಬದಲಾದಂತೆ ನೋಂದಣಿ ತಪ್ಪುತ್ತದೆ. ಮತದಾನ ನಡೆಯುವುದು ಮಂಗಳವಾರ, ರಜೆ ಇಲ್ಲ. ಮಿಲ್‌ಕ್ರೀಕ್‌ನ ಸ್ವಂತ ಮನೆಯವರು ಬಂದಷ್ಟು ಪ್ರಮಾಣದಲ್ಲಿ ಇವರು ಮತಗಟ್ಟೆಗೆ ಬರುವುದಿಲ್ಲ. ಜೊತೆಗೆ ಈರಿ ಬಹಳ ವರ್ಷಗಳಿಂದ ನಿರಾಶ್ರಿತರಿಗೆ ಮನೆ ಕೊಟ್ಟ ಊರು. ಬೋಸ್ನಿಯಾದವರು, ಇರಾಕ್, ಸಿರಿಯಾ, ಕಾಂಗೋ ದೇಶದವರು ಇದ್ದಾರೆ. ಭೂತಾನ್ ಬಿಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, 2008ರ ನಂತರ ಅಮೆರಿಕಕ್ಕೆ ಬಂದ ನೇಪಾಳಿ ಮಾತಿನ ಕುಟುಂಬಗಳೂ ಇಲ್ಲಿ ಬಹಳ. ನಗರದ ಜನಸಂಖ್ಯೆ ಇನ್ನೂ ಕುಸಿಯದಂತೆ ತಡೆದವರಲ್ಲಿ ಇವರೂ ಸೇರಿದ್ದಾರೆ. ಜನಗಣತಿಯಲ್ಲಿ ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಮತ ಹಾಕಬೇಕಾದರೆ ಪೌರತ್ವ ಬೇಕು, ಅದಕ್ಕೆ ವರ್ಷಗಳು ಬೇಕು. ಮೊದಲು ಬಂದ ಭೂತಾನಿ ಕುಟುಂಬಗಳಲ್ಲಿ ಹಲವರು ಈಗ ಮತದಾರರು. ಇವರನ್ನು ಒಂದು ಪಕ್ಷದ ಗಂಟು ಎಂದು ಲೆಕ್ಕ ಹಾಕುವವರು ತಪ್ಪು ಮಾಡುತ್ತಾರೆ. ಪೋಲೆಂಡಿನವರ ಮೊಮ್ಮಕ್ಕಳನ್ನು ಹಾಗೆ ಲೆಕ್ಕ ಹಾಕಿದ್ದರಿಂದ ಏನಾಯಿತು ಎಂದು ಆಗಲೇ ನೋಡಿದೆವಲ್ಲ.

ಇನ್ನೊಂದು ವಿಚಿತ್ರ ಇದೆ. ಬರೀ ಅಧ್ಯಕ್ಷರ ಚುನಾವಣೆ ನೋಡಿದರೆ ಅದು ಕಾಣುವುದೇ ಇಲ್ಲ. 2020ರಲ್ಲಿ ಬೈಡನ್ ಗೆದ್ದ ಈ ಕೌಂಟಿ, ಮರುವರ್ಷವೇ ಕೌಂಟಿಯ ಆಡಳಿತ ಮುಖ್ಯಸ್ಥರಾಗಿ ರಿಪಬ್ಲಿಕನ್ ಬ್ರೆಂಟನ್ ಡೇವಿಸ್ ಅವರನ್ನು ಆರಿಸಿತು. 2022ರಲ್ಲಿ ರಾಜ್ಯದ ಆಡಳಿತ ನಡೆಸುವ ಗವರ್ನರ್ ಸ್ಥಾನಕ್ಕೆ ಜೋಶ್ ಶಪೀರೊ, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಜಾನ್ ಫೆಟರ್‌ಮನ್. ಇಬ್ಬರೂ ಡೆಮಾಕ್ರಟರು, ಇಬ್ಬರೂ ಇಲ್ಲಿ ಮುಂದೆ. 2024ರಲ್ಲಿ ಟ್ರಂಪ್. 2025ರಲ್ಲಿ ಡೇವಿಸ್ ಸೋತು ಡೆಮಾಕ್ರಟ್ ಕ್ರಿಸ್ಟಿನಾ ವೋಗೆಲ್ ಗೆದ್ದರು. ಆರು ವರ್ಷದೊಳಗೆ ಐದು ತಿರುವು.

ಇದಕ್ಕೆ ಎರಡು ಕಾರಣ. ಒಂದು, ಇಲ್ಲಿ ಆಳು ನೋಡಿ ಮತ ಹಾಕುವ ಅಭ್ಯಾಸ ಹಳೆಯದು. ಈರಿಯಲ್ಲೇ ಬೆಳೆದ ರಿಪಬ್ಲಿಕನ್ ಟಾಮ್ ರಿಡ್ಜ್, ಡೆಮಾಕ್ರಟರು ತುಂಬಿದ್ದ ಈ ಸೀಮೆಯಿಂದ 1982ರಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಗೆಲ್ಲುತ್ತ ಹೋಗಿ ಗವರ್ನರ್ ಆದರು. ಎರಡು, ಪ್ರತಿ ಚುನಾವಣೆಗೆ ಬರುವ ಜನ ಬೇರೆ ಬೇರೆ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆಗೆ ಮಾತ್ರ ಬರುವವರ ದೊಡ್ಡ ಗುಂಪೊಂದಿದೆ. ಆ ಗುಂಪು ಈಗ ಟ್ರಂಪ್ ಕಡೆ ಹೆಚ್ಚು ವಾಲುತ್ತದೆ. ಅವರು ಮನೆಯಲ್ಲಿದ್ದ ವರ್ಷ, ಎಲ್ಲ ಚುನಾವಣೆಗೂ ತಪ್ಪದೆ ಬರುವವರದ್ದೇ ಮಾತು. ಮೊದಲು ಜಾಸ್ತಿ ಜನ ಬಂದರೆ ಡೆಮಾಕ್ರಟರಿಗೆ ಲಾಭ ಎಂಬ ಎಣಿಕೆ ಇತ್ತು. ಅದು ಈಗ ನಡೆಯುವುದಿಲ್ಲ.

ಎಣಿಕೆಯ ರಾತ್ರಿ ಈರಿಯನ್ನು ಗಮನಿಸುವವರಿಗೆ ಒಂದು ಮಾತು. ಪೆನ್ಸಿಲ್ವೇನಿಯಾ 2019ರಲ್ಲಿ ತಂದ ಕಾನೂನಿನಿಂದ ಯಾರು ಬೇಕಾದರೂ ಕಾರಣ ಕೊಡದೆ ಅಂಚೆಯಲ್ಲಿ ಮತ ಹಾಕಬಹುದು. ಆದರೆ ಮತದಾನದ ದಿನ ಬೆಳಿಗ್ಗೆ 7ರವರೆಗೆ ಆ ಲಕೋಟೆಗಳನ್ನು ತೆರೆಯುವಂತಿಲ್ಲ. ಅಂಚೆ ಮತ ಹಾಕುವವರಲ್ಲಿ ಡೆಮಾಕ್ರಟರು ಹೆಚ್ಚು. ಮತಗಟ್ಟೆಗೆ ಹೋಗಿ ಹಾಕುವವರಲ್ಲಿ ರಿಪಬ್ಲಿಕನ್ನರು ಹೆಚ್ಚು. 2020ರಲ್ಲಿ ಮೊದಲ ರಾತ್ರಿ ಈರಿಯಲ್ಲಿ ಟ್ರಂಪ್ ಮುಂದಿದ್ದರು. ಲಕೋಟೆಗಳು ತೆರೆಯುತ್ತ ಹೋದಂತೆ ಅಂತರ ಕರಗಿ ಬೈಡನ್ ದಾಟಿದರು. ಆ ರಾತ್ರಿ ಯಾರ ಮತವೂ ಬದಲಾಗಿರಲಿಲ್ಲ, ಎಲ್ಲ ಮೊದಲೇ ಹಾಕಿಯಾಗಿತ್ತು. ಎಣಿಸುವ ಸರದಿಯಲ್ಲಿ ಯಾವುದು ಮುಂಚೆ, ಯಾವುದು ಆಮೇಲೆ ಎಂಬುದಷ್ಟೇ ಪರದೆಯ ಮೇಲೆ ಕಂಡದ್ದು. ಹಾಗಾಗಿ ಮೊದಲ ಸಂಖ್ಯೆ ಬಂದಾಗ ಅದು ಮತಗಟ್ಟೆಯದೋ ಲಕೋಟೆಯದೋ, ನಗರದ್ದೋ ಹಳ್ಳಿಯದೋ ಎಂದು ಕೇಳಿ. ಮಿಲ್‌ಕ್ರೀಕ್ ಬಂತೇ ಎಂದು ನೋಡಿ. ಅದು ಬರುವ ತನಕ ಈರಿ ಯಾರದ್ದೂ ಅಲ್ಲ.